ಎಲ್ಲರೂ ನಿರಪರಾಧಿ ಅಂದರು, ಯಾರೂ ಬಿಡಲಿಲ್ಲ: ಯೆರೂಸಲೇಮಿನಲ್ಲಿ ಪೌಲನ ಬಂಧನ

ಸಂಜೆಓದು:
ಬೈಬಲಿನ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ 21ರಿಂದ 26ನೇ ಅಧ್ಯಾಯಗಳನ್ನು ಈ ವಾರ ಒಂದೇ ಓಟದಲ್ಲಿ ಓದಿದೆ. ಭಾನುವಾರಗಳಲ್ಲಿ ತುಂಡು ತುಂಡಾಗಿ ಕೇಳುವಾಗ ಅಪೊಸ್ತಲ ಪೌಲನ ಧೈರ್ಯವಷ್ಟೇ ಕಿವಿಗೆ ಬೀಳುತ್ತದೆ. ಒಟ್ಟಿಗೆ ಓದಿದಾಗ ಬೇರೆ ಒಂದು ಪ್ರಶ್ನೆ ಹಿಡಿದುಕೊಂಡಿತು.

ಪೌಲನನ್ನು ಬಂಧಿಸಿದ ರೋಮನ್ ಸಹಸ್ರಾಧಿಪತಿ ಕ್ಲೌದ್ಯ ಲೂಸ್ಯ ದೇಶಾಧಿಪತಿ ಫೇಲಿಕ್ಸನಿಗೆ ಕಳಿಸಿದ ಪತ್ರದಲ್ಲೇ ಬರೆಯುತ್ತಾನೆ, ಇವನ ಮೇಲೆ ಮರಣಕ್ಕಾಗಲಿ ಬೇಡಿಗಾಗಲಿ ತಕ್ಕ ಅಪರಾಧವಿಲ್ಲ ಅಂತ. ಫೇಲಿಕ್ಸನ ನಂತರ ಬಂದ ದೇಶಾಧಿಪತಿ ಫೆಸ್ತನೂ ಅದನ್ನೇ ಹೇಳುತ್ತಾನೆ, ರಾಜ ಅಗ್ರಿಪ್ಪನೂ ಅದನ್ನೇ. ಫೇಲಿಕ್ಸ್ ಬಾಯಿಬಿಟ್ಟು ಹೇಳದಿದ್ದರೂ ಶಿಕ್ಷೆ ವಿಧಿಸುವುದಿಲ್ಲ. ಆದರೂ ಪೌಲ ಕೈಸರೈಯದಲ್ಲಿ ಎರಡು ವರ್ಷ ಸೆರೆಯಲ್ಲಿ ಕೂತ, ಆಮೇಲೆ ಕೈದಿಯಾಗಿಯೇ ರೋಮಿಗೆ ಹಡಗು ಹತ್ತಿದ. ಇಷ್ಟು ಜನ ನಿರಪರಾಧಿ ಎಂದ ಮೇಲೂ ಒಬ್ಬನಾದರೂ ಯಾಕೆ ಬಿಡಲಿಲ್ಲ? ದೇವರ ಯೋಜನೆ ಎಂಬ ಉತ್ತರ ನನಗೂ ಗೊತ್ತು, ಅದನ್ನು ನಂಬುತ್ತೇನೆ ಕೂಡ. ನಾನು ಕೇಳುತ್ತಿರುವುದು ಆ ಅಧಿಕಾರಿಗಳ ಲೆಕ್ಕಾಚಾರ ಏನಿತ್ತು ಎಂದು.

ಶಿಲಾಶಾಸನ:
ಮೊದಲು ಆರೋಪವನ್ನು ನೋಡಿ. ಅದರ ತೂಕ ಗೊತ್ತಾಗದೆ ಮುಂದಿನದು ಅರ್ಥವಾಗುವುದಿಲ್ಲ. ಆಸ್ಯ ಸೀಮೆಯಿಂದ (ಈಗಿನ ಪಶ್ಚಿಮ ಟರ್ಕಿ) ಬಂದಿದ್ದ ಯೆಹೂದ್ಯರು ಪೌಲನನ್ನು ದೇವಾಲಯದಲ್ಲಿ ಹಿಡಿದು, ಇವನು ಗ್ರೀಕರನ್ನು ಒಳಗೆ ಕರೆತಂದು ಈ ಪವಿತ್ರ ಸ್ಥಳವನ್ನು ಹೊಲೆಮಾಡಿದ್ದಾನೆ ಎಂದು ಕೂಗಿದರು. ಯೆಹೂದ್ಯನಲ್ಲದ ಎಫೆಸದ ತ್ರೊಫಿಮ ಅವನ ಜೊತೆ ಊರಲ್ಲಿ ಓಡಾಡಿದ್ದನ್ನು ಅವರು ನೋಡಿದ್ದರು. ದೇವಾಲಯದೊಳಗೆ ನೋಡಿರಲಿಲ್ಲ, ಒಳಗೂ ಬಂದಿರಬೇಕು ಅಂತ ಊಹಿಸಿಕೊಂಡರು.

ಹೊರಗಿನ ಅಂಗಳಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಅದರಾಚೆ ಒಂದು ಕಲ್ಲಿನ ಅಡ್ಡಗೋಡೆ, ಮೂರು ಮೊಳ ಎತ್ತರ ಎನ್ನುತ್ತಾನೆ ಆ ಕಾಲದ ಯೆಹೂದ್ಯ ಇತಿಹಾಸಕಾರ ಜೋಸೆಫಸ್. ಅಲ್ಲಲ್ಲಿ ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಎಚ್ಚರಿಕೆಯ ಫಲಕಗಳು. ಅಂಥ ಒಂದು ಫಲಕ 1871ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಗನ್ನೊ ಕೈಗೆ ಸಿಕ್ಕಿತು, ಈಗ ಇಸ್ತಾಂಬುಲ್ ಪುರಾತತ್ವ ಸಂಗ್ರಹಾಲಯದಲ್ಲಿದೆ. ಏಳು ಸಾಲು ಗ್ರೀಕ್. ಅನ್ಯಕುಲದವನು ಯಾರೂ ಈ ಗೋಡೆಯೊಳಗೆ ಬರಕೂಡದು, ಸಿಕ್ಕಿಬಿದ್ದವನು ತನ್ನ ಸಾವಿಗೆ ತಾನೇ ಹೊಣೆ ಎಂಬುದು ಅದರ ಸಾರ. ಇದು ಬರೀ ಬೆದರಿಕೆ ಆಗಿರಲಿಲ್ಲ. ಗಡಿ ದಾಟಿದವನು ರೋಮನ್ ಆಗಿದ್ದರೂ ಕೊಲ್ಲಲು ನಾವು ನಿಮಗೆ ಒಪ್ಪಿಗೆ ಕೊಟ್ಟಿರಲಿಲ್ಲವೇ ಎಂದು ರೋಮನ್ ಸೇನಾಪತಿ ತೀತನೇ ಕೇಳಿದ್ದಾಗಿ ಜೋಸೆಫಸ್ ಬರೆಯುತ್ತಾನೆ. ಅಂದರೆ ಗುಂಪು ಆರಿಸಿಕೊಂಡದ್ದು ರೋಮ್ ತಳ್ಳಿಹಾಕಲಾಗದ ಒಂದೇ ಒಂದು ಧಾರ್ಮಿಕ ಆರೋಪವನ್ನು.

ನೇತ್ರಾವತಿ_ತೀರ:
ಅವನು ಅಲ್ಲಿ ಏನು ಮಾಡುತ್ತಿದ್ದ ಅನ್ನುವುದನ್ನೂ ಹೇಳಲೇಬೇಕು, ಇದು ನನ್ನನ್ನು ಯಾವಾಗಲೂ ಕಲಕುವ ಭಾಗ. ಗ್ರೀಸಿನ ಕಡೆಯ ಮಕೆದೋನ್ಯ, ಅಖಾಯಗಳ ಕ್ರೈಸ್ತ ಸಭೆಗಳಿಂದ ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣ ತಂದಿದ್ದ. ಹೊರಡುವ ಮೊದಲೇ ಅಪಾಯ ಗೊತ್ತಿತ್ತು. ಯೂದಾಯದ ವಿರೋಧಿಗಳಿಂದ ನಾನು ಪಾರಾಗುವಂತೆ ಪ್ರಾರ್ಥಿಸಿ, ನಾನು ತರುವ ಸಹಾಯ ಅಲ್ಲಿನ ದೇವಜನರಿಗೆ ಹಿಡಿಸುವಂತೆಯೂ ಪ್ರಾರ್ಥಿಸಿ ಎಂದು ರೋಮಾಪುರದವರಿಗೆ ಬರೆದ 15ನೇ ಅಧ್ಯಾಯದಲ್ಲಿ ಬೇಡಿಕೊಳ್ಳುತ್ತಾನೆ. ಹೊರಗಿನವರ ಭಯ ಒಂದು ಕಡೆ, ಸ್ವಂತ ಸಭೆಯವರು ತನ್ನ ಕಾಣಿಕೆ ತೆಗೆದುಕೊಳ್ಳುವರೋ ಇಲ್ಲವೋ ಎಂಬ ಅಳುಕು ಇನ್ನೊಂದು ಕಡೆ.

ಬಂದ ಮೇಲೆ ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬ ಮತ್ತು ಹಿರಿಯರು ಒಂದು ಸಲಹೆ ಕೊಟ್ಟರು. ನೀನು ಮೋಶೆಯ ಧರ್ಮಶಾಸ್ತ್ರ ಬಿಡಿಸುತ್ತೀ ಎಂಬ ಸುದ್ದಿ ಹಬ್ಬಿದೆ, ಹರಕೆ ಹೊತ್ತ ನಾಲ್ವರು ನಮ್ಮಲ್ಲಿದ್ದಾರೆ, ಅವರೊಂದಿಗೆ ಶುದ್ಧಿ ಮಾಡಿಕೊಂಡು ಅವರ ಖರ್ಚು ನೀನೇ ಕೊಡು, ಎಲ್ಲರ ಬಾಯಿ ಮುಚ್ಚುತ್ತದೆ. ಪೌಲ ಒಪ್ಪಿದ. ಆ ಶುದ್ಧಿಯ ಏಳು ದಿನ ಮುಗಿಯುವ ಹೊತ್ತಿಗೇ ಹಿಡಿದರು. ಧರ್ಮಶಾಸ್ತ್ರಕ್ಕೆ ಗೌರವ ತೋರಿಸಲು ಹೋದವನನ್ನು ಧರ್ಮಶಾಸ್ತ್ರ ಮುರಿದವನೆಂದು ಎಳೆದು ಹಾಕಿದರು. ಆಮೇಲಿನ ಎರಡು ವರ್ಷದಲ್ಲಿ ಯೆರೂಸಲೇಮಿನ ಸಭೆ ಅವನ ಪರವಾಗಿ ಒಂದು ಮಾತಾಡಿತೆಂದು ಕೃತ್ಯಗಳನ್ನು ಬರೆದ ಲೂಕ ಎಲ್ಲೂ ಬರೆಯುವುದಿಲ್ಲ. ನನಗೆ ಆ ಮೌನ ಗುಂಪಿನ ಹೊಡೆತಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಧಾರವಾಡದ_ಮಾತು:
ಗುಂಪಿನ ಬಗ್ಗೆ ಒಂದೆರಡು ಮಾತು. ಸೈನ್ಯ ಅಷ್ಟು ಬೇಗ ಹೆಂಗ ಬಂತು ಅಂತ ಕೆಲವರು ಕೇಳ್ತಾರ. ದೇವಾಲಯದ ವಾಯವ್ಯ ಮೂಲ್ಯಾಗ ಹೆರೋದ ಕಟ್ಟಿಸಿದ ಅಂತೋನಿಯ ಕೋಟಿ ಇತ್ತು, ಅಲ್ಲಿಂದ ಅಂಗಳಕ್ಕ ನೇರ ಮೆಟ್ಟಲು. ಹಬ್ಬದ ದಿನ ಮಂಟಪದ ಮ್ಯಾಲೆ ಸಿಪಾಯಿಗಳು ಆಯುಧ ಹಿಡಿದು ನಿಲ್ತಿದ್ರು. ಪೌಲ ಬಂದದ್ದು ಯೆಹೂದ್ಯರ ಪಂಚಾಶತ್ತಮ ಹಬ್ಬಕ್ಕ, ಊರು ತುಂಬಿತ್ತು.

ಇದಕ್ಕ ಕೆಲವೇ ವರ್ಷ ಹಿಂದ, ದೇಶಾಧಿಪತಿ ಕುಮಾನನ ಕಾಲದಾಗ, ಪಸ್ಕ ಹಬ್ಬದ ದಿನ ಮಂಟಪದ ಮ್ಯಾಲಿನ ಒಬ್ಬ ಸಿಪಾಯಿ ಅಸಭ್ಯ ಚೇಷ್ಟೆ ಮಾಡಿದ. ಜನ ರೊಚ್ಚಿಗೆದ್ರು, ಪಡೆ ಬಂತು, ಇಕ್ಕಟ್ಟಿನ ದಾರಿಯೊಳಗ ಕಾಲ್ತುಳಿತಕ್ಕ ಸಿಕ್ಕು ಸತ್ತವರು 20,000 ಅಂತ ಜೋಸೆಫಸ್ ಒಂದು ಕಡೆ, 30,000ಕ್ಕೂ ಹೆಚ್ಚು ಅಂತ ಇನ್ನೊಂದು ಕಡೆ ಬರೀತಾನ. ಸಂಖ್ಯೆ ಉಬ್ಬಿಸಿರಬಹುದು, ನೆನಪು ಮಾತ್ರ ಖರೆ. ಲೂಸ್ಯ ಓಡಿ ಬಂದದ್ದು ಪೌಲನನ್ನ ಉಳಿಸಾಕ ಅಲ್ಲ, ಹಂಗಿನ ಇನ್ನೊಂದು ದಿನ ಆಗಬಾರದು ಅಂತ.

ಬಂದವನೇ ಎರಡು ಸರಪಳಿ ಬಿಗಿಸಿದ. ಯಾರು, ಏನು ಮಾಡ್ಯಾನ ಅಂತ ಕೇಳಿದ್ರ ಒಬ್ಬೊಬ್ಬರು ಒಂದೊಂದು ಕೂಗಿದ್ರು. ಕಡೀಗೆ ಪೌಲನನ್ನ ಕೇಳ್ತಾನ: ನಾಕು ಸಾವಿರ ಮಂದಿ ಕೊಲೆಗಡುಕರನ್ನ ಅಡವಿಗೆ ಕರಕೊಂಡು ಹೋದ ಐಗುಪ್ತದವ ನೀನಲ್ಲೇನು? ಇದು ಲೂಕ ಹೆಣೆದ ಮಾತಲ್ಲ. ಆ ಐಗುಪ್ತದವ ಎಣ್ಣೆಮರಗಳ ಗುಡ್ಡಕ್ಕ ಜನ ಕೂಡಿಸಿದ್ದು, ಫೇಲಿಕ್ಸ್ ಅವರನ್ನ ಬಡಿದು ಹಾಕಿದ್ದು, ಅವ ಮಾತ್ರ ತಪ್ಪಿಸಿಕೊಂಡದ್ದು ಜೋಸೆಫಸ್‌ನಾಗೂ ಅದ. ಲೂಸ್ಯನ ತಲ್ಯಾಗ ತಪ್ಪಿಸಿಕೊಂಡವ ಸಿಕ್ಕ ಅಂತ ಇತ್ತು. ಪೌಲ ಗ್ರೀಕ್‌ನಾಗ ಮಾತಾಡಿದಾಗ ಆ ಎಣಿಕಿ ಮುರೀತು.

ಸಂಜೆಓದು:
ಅಲ್ಲೇ ನನಗೆ ಬೆರಗು. ಮೈಯೆಲ್ಲ ಪೆಟ್ಟು ತಿಂದವನು ಮೆಟ್ಟಲ ಮೇಲೆ ನಿಂತು ಕೇಳುವುದು ವೈದ್ಯರನ್ನಲ್ಲ, ಈ ಜನರೊಂದಿಗೆ ಮಾತಾಡಲು ಅಪ್ಪಣೆ ಕೊಡು ಎಂದು. ಅಧಿಕಾರಿಯ ಬಳಿ ಗ್ರೀಕ್, ಜನರತ್ತ ತಿರುಗಿ ಇಬ್ರಿಯ. ಅವರು ಗಪ್‌ಚಿಪ್ಪಾಗಿ ಕೇಳಿದರು ಕೂಡ, ಅನ್ಯಜನರ ಬಳಿಗೆ ನಿನ್ನನ್ನು ಕಳುಹಿಸುತ್ತೇನೆ ಎಂಬ ಮಾತು ಬರುವವರೆಗೆ.

ವಕೀಲಿ_ಕಣ್ಣು:
ಮೂಲ ಪ್ರಶ್ನೆಗೆ ಬರುತ್ತೇನೆ. ಉತ್ತರ ಶುರುವಾಗುವುದು ಲೂಸ್ಯನಲ್ಲಿ.

ಇಬ್ರಿಯ ಭಾಷಣ ಅವನಿಗೆ ಅರ್ಥವಾದಂತಿಲ್ಲ. ಗಲಾಟೆ ಮತ್ತೆ ಎದ್ದಾಗ ಕೋಟೆಯೊಳಗೆ ಒಯ್ದು ಕೊರಡೆಯಿಂದ ಹೊಡೆದು ವಿಚಾರಿಸಿ ಎಂದ. ಪೌರನಲ್ಲದವನ ಬಾಯಿ ಬಿಡಿಸಲು ಆಗ ಅದೇ ಪದ್ಧತಿ. ಬಾರುಗಳಿಂದ ಕಟ್ಟುತ್ತಿದ್ದಾಗ ಪೌಲ ಶತಾಧಿಪತಿಯನ್ನು ಕೇಳಿದ: ರೋಮನ್ ಪೌರನನ್ನು ವಿಚಾರಣೆಯಿಲ್ಲದೆ ಹೊಡೆಯುವುದು ನಿಮಗೆ ನ್ಯಾಯವೋ? ಪೌರನನ್ನು ಹೀಗೆ ಹೊಡೆಯುವುದನ್ನು ಪೊರ್ಕಿಯ ಕಾನೂನುಗಳೂ ಆಮೇಲೆ ಯೂಲಿಯ ಕಾನೂನೂ ನಿಷೇಧಿಸಿದ್ದವು. ಕ್ರಿ.ಪೂ. 70ರಲ್ಲಿ ರೋಮಿನ ವಕೀಲ ಸಿಸೆರೊ ಸಿಸಿಲಿಯ ಅಧಿಕಾರಿ ವೆರ್ರೆಸನ ಮೇಲೆ ಹೊರಿಸಿದ ಅತ್ಯಂತ ಘೋರ ಆರೋಪಗಳಲ್ಲಿ ಒಂದು, ನಾನು ರೋಮನ್ ಪೌರ ಎಂದು ಕೂಗುತ್ತಿದ್ದವನನ್ನು ಹೊಡೆಸಿ ಶಿಲುಬೆಗೇರಿಸಿದ್ದು. ಲೂಸ್ಯ ಹೆದರಿದ್ದು ಸಹಜ, ಕಟ್ಟಿಸಿದ್ದೇ ಅಪರಾಧವಾಗಿತ್ತು.

ಈಗ ಅವನ ಪತ್ರ ನೋಡಿ, 23ನೇ ಅಧ್ಯಾಯ. ಇವನು ರೋಮನ್ ಎಂದು ತಿಳಿದು ಸೈನಿಕರೊಂದಿಗೆ ಹೋಗಿ ಬಿಡಿಸಿದೆ ಎಂದು ಬರೆಯುತ್ತಾನೆ. ತಿಳಿದದ್ದು ಬಿಡಿಸಿದ ಮೇಲೆ, ಹೊಡೆಯಲು ಕಟ್ಟಿಸಿದ ಮೇಲೆ. ಕೊರಡೆಯ ಸುದ್ದಿಯೇ ಇಲ್ಲ. ಕಡತದ ಮೊದಲ ಹಾಳೆಯಲ್ಲೇ ಅಧಿಕಾರಿ ತನ್ನ ತಲೆ ಕಾಯ್ದುಕೊಂಡಿದ್ದಾನೆ. ಆಮೇಲೆ ಬಂದ ಪ್ರತಿಯೊಬ್ಬನೂ ಹೀಗೆಯೇ ಮೊದಲು ತನ್ನನ್ನು ನೋಡಿಕೊಂಡ.

ಮರಳುಗಡಿಯಾರ:
ಒಂದು ಪ್ರಶ್ನೆ. ರೋಮನ್ ಪೌರ ಎಂದು ಬಾಯಲ್ಲಿ ಹೇಳಿದರೆ ನಂಬಿಬಿಡುತ್ತಿದ್ದರಾ? ಯಾರು ಬೇಕಾದರೂ ಹೇಳಬಹುದಿತ್ತಲ್ಲ.

ವಕೀಲಿ_ಕಣ್ಣು:
ಸುಳ್ಳು ಹೇಳಿದರೆ ತಲೆ ಹೋಗುತ್ತಿತ್ತು. ಪೌರತ್ವ ಕದ್ದವರನ್ನು ಚಕ್ರವರ್ತಿ ಕ್ಲೌದಿಯಸ್ ಕೊಲ್ಲಿಸಿದ್ದನ್ನು ರೋಮನ್ ಲೇಖಕ ಸ್ಯುಟೋನಿಯಸ್ ದಾಖಲಿಸಿದ್ದಾನೆ. ಹುಟ್ಟಿನ ನೋಂದಣಿಯ ಪ್ರತಿಗಳೂ ಇರುತ್ತಿದ್ದವು. ಅದೇ ಕ್ಲೌದಿಯಸನ ಕಾಲದಲ್ಲಿ ಅರಮನೆಯವರು ಪೌರತ್ವವನ್ನು ಹಣಕ್ಕೆ ಮಾರುತ್ತಿದ್ದರು ಕೂಡ. ನಾನು ಬಹಳ ಹಣ ಕೊಟ್ಟು ಕೊಂಡೆ ಎಂದು ಲೂಸ್ಯ ಹೇಳುವುದು, ಅವನ ಹೆಸರಿನ ಮುಂದೆ ಕ್ಲೌದ್ಯ ಇರುವುದು, ಎರಡೂ ಅದಕ್ಕೆ ಹೊಂದುತ್ತವೆ. ನಾನಂತೂ ಹುಟ್ಟು ರೋಮನ್ ಎಂದ ಪೌಲ.

ಮರಳುಗಡಿಯಾರ:
ಹಾಗಿದ್ದರೆ ನನ್ನ ಸಂಶಯ ಹೇಳುತ್ತೇನೆ. ಪೌಲನ ಸ್ವಂತ ಪತ್ರಗಳಲ್ಲಿ ಪೌರತ್ವದ ಮಾತು ಎಲ್ಲೂ ಇಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೇ ಅಧ್ಯಾಯದಲ್ಲಿ ಮೂರು ಸಾರಿ ದೊಣ್ಣೆಯ ಪೆಟ್ಟು ತಿಂದೆ ಎನ್ನುತ್ತಾನೆ. ಅದು ರೋಮನ್ ಅಧಿಕಾರಿಗಳ ಶಿಕ್ಷೆ, ಪೌರನಿಗೆ ಕೊಡುವಂತಿಲ್ಲ. ಲೂಕ ಹೇಳುವುದು ಫಿಲಿಪ್ಪಿಯ ಒಂದನ್ನು ಮಾತ್ರ. ಪೌಲ ದಮಸ್ಕದಿಂದ ತಪ್ಪಿಸಿಕೊಂಡ ಕಥೆಯನ್ನೂ ಹೋಲಿಸಿ. ಲೂಕನ ಪ್ರಕಾರ ಊರಬಾಗಿಲು ಕಾಯುತ್ತಿದ್ದವರು ಯೆಹೂದ್ಯರು, ಪೌಲನ ಪ್ರಕಾರ ಅರಬ್ಬಿ ರಾಜ ಅರೇತನ ಅಧಿಕಾರಿ. ರೋಮನ್ನರು ಸಭ್ಯರು, ಯೆಹೂದ್ಯರೇ ಕೇಡಿಗರು ಎಂದು ತೋರಿಸುವ ಒಲವು ಲೂಕನಿಗೆ ಇತ್ತು ಎನ್ನುವ ವಿದ್ವಾಂಸರ ಮಾತನ್ನು ನಾನು ತಳ್ಳಿಹಾಕಲಾರೆ.

ಶಿಲಾಶಾಸನ:
ಒಲವು ಇತ್ತು, ಒಪ್ಪುತ್ತೇನೆ. ಆದರೆ ಪೆಟ್ಟು ತಿಂದದ್ದರಿಂದ ಪೌರನಲ್ಲ ಎನ್ನಲಾಗದು. ಕ್ರಿ.ಶ. 66ರಲ್ಲಿ ಇದೇ ಯೆರೂಸಲೇಮಿನಲ್ಲಿ ದೇಶಾಧಿಪತಿ ಫ್ಲೋರಸ್ ರೋಮನ್ ಕುಲೀನ ದರ್ಜೆಯ ಯೆಹೂದ್ಯರನ್ನೇ ಕೊರಡೆಯಿಂದ ಹೊಡೆಸಿ ಶಿಲುಬೆಗೆ ಹಾಕಿದ. ಕಾನೂನು ಇತ್ತು, ಎಲ್ಲ ಊರಲ್ಲೂ ಅದು ನಡೆಯುತ್ತಿರಲಿಲ್ಲ. ಲೂಕನ ಚಿಕ್ಕ ಚಿಕ್ಕ ವಿವರಗಳು ಗಟ್ಟಿ. ಥೆಸಲೊನೀಕದ ಅಧಿಕಾರಿಗಳನ್ನು ಅವನು ಪೊಲಿಟಾರ್ಕ್ ಎಂದು ಕರೆದದ್ದು, ಅದೇ ಊರಿನ ವಾರ್ದಾರ್ ದ್ವಾರದ ಶಾಸನದಲ್ಲೂ ಆ ಪದವಿ ಇದೆ. ಅವನು ತೋರಿಸುವ ರೋಮನ್ನರೂ ಅಷ್ಟೇನು ಸಭ್ಯರಲ್ಲ. ಫೇಲಿಕ್ಸ್ ಲಂಚಕ್ಕೆ ಕಾದ ಎಂದು ಬರೆದವನು ಲೂಕನೇ.

ಭಾನುವಾರದ_ಪಾಠ:
ಅದೇ 11ನೇ ಅಧ್ಯಾಯದಲ್ಲಿ ಇನ್ನೊಂದು ಸಾಲಿದೆ. ಯೆಹೂದ್ಯರಿಂದ ಐದು ಸಾರಿ ಒಂದು ಕಡಿಮೆ ನಲವತ್ತು ಏಟು. ನಾನು ಮಕ್ಕಳಿಗೆ ಪಾಠ ಹೇಳುವಾಗ ಇದರ ಮೇಲೆ ನಿಲ್ಲುತ್ತೇನೆ. ಅದು ಸಭಾಮಂದಿರ ತನ್ನವನಿಗೆ ಕೊಡುತ್ತಿದ್ದ ಶಿಕ್ಷೆ. ನಾನು ನಿಮ್ಮವನಲ್ಲ ಎಂದು ಹೊರಗೆ ನಡೆದಿದ್ದರೆ ಒಂದು ಏಟೂ ಬೀಳುತ್ತಿರಲಿಲ್ಲ. ಒಂದು ಸಲ ತಿಂದ, ಮತ್ತೆ ಹೋದ. ಎರಡನೆಯ ಸಲ ತಿಂದ, ಮತ್ತೂ ಹೋದ. ಐದು ಸಲ. ಕೊನೆಯವರೆಗೂ ಅವನು ತನ್ನನ್ನು ಯೆಹೂದ್ಯನೆಂದೇ ಎಣಿಸಿದ.

ಆದ್ದರಿಂದ ದಯವಿಟ್ಟು ಇಲ್ಲಿ ಯೆಹೂದ್ಯರು ಹೀಗೆ ಮಾಡಿದರು ಎಂದು ಇಡೀ ಜನಾಂಗವನ್ನು ಸೇರಿಸಿ ಬರೆಯಬೇಡಿ. ಇಂಥ ವಾಕ್ಯಗಳನ್ನು ಹಿಡಿದು ಯೂರೋಪಿನಲ್ಲಿ ಶತಮಾನಗಳ ಕಾಲ ಯೆಹೂದ್ಯರಿಗೆ ಏನೇನು ಮಾಡಿದರು ಎಂಬುದು ನಮಗೆ ಗೊತ್ತಿದೆ. ಯೆಹೂದ್ಯರ ಉನ್ನತ ನ್ಯಾಯಸಭೆಯಾದ ಹಿರೀಸಭೆಯಲ್ಲಿ ಪೌಲನ ಬಾಯಿಗೆ ಹೊಡೆಯಿರಿ ಎಂದವನು ಮಹಾಯಾಜಕ ಅನನೀಯ, ಇವನಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ ಎಂದವರು ಫರಿಸಾಯರ ಪಕ್ಷದ ಶಾಸ್ತ್ರಿಗಳು. ಇಬ್ಬರೂ ಯೆಹೂದ್ಯರೇ. ಪೌಲನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟೆವು ಎಂದು ಶಪಥ ಮಾಡಿದ ನಲವತ್ತಕ್ಕೂ ಹೆಚ್ಚು ಮಂದಿ ಯೆಹೂದ್ಯರು, ಆ ಸಂಚನ್ನು ಕೋಟೆಗೆ ಬಂದು ತಿಳಿಸಿದ ಅವನ ಅಕ್ಕನೋ ತಂಗಿಯೋ ಹೆತ್ತ ಹುಡುಗನೂ ಯೆಹೂದ್ಯ.

ಶಿಲಾಶಾಸನ:
ಅನನೀಯನ ಬಗ್ಗೆ ಹೊರಗಿನ ಸಾಕ್ಷ್ಯ ಚೆನ್ನಾಗಿದೆ. ಅವನ ಸೇವಕರು ಕಣಗಳಿಗೆ ನುಗ್ಗಿ, ಬಡ ಯಾಜಕರಿಗೆ ಸೇರಬೇಕಾದ ದಶಮಾಂಶವನ್ನು ಬಲವಂತವಾಗಿ ಹೊತ್ತೊಯ್ಯುತ್ತಿದ್ದರೆಂದು ಜೋಸೆಫಸ್ ಬರೆಯುತ್ತಾನೆ. 66ರಲ್ಲಿ ದಂಗೆ ಎದ್ದಾಗ ಅವನನ್ನು ಕೊಂದವರು ರೋಮನ್ನರಲ್ಲ, ದಂಗೆಕೋರ ಯೆಹೂದ್ಯರು. ಪೌಲ ಅವನನ್ನು ಸುಣ್ಣ ಹಚ್ಚಿದ ಗೋಡೆ ಎಂದು ಕರೆದಾಗ ಅಲ್ಲಿ ನಿಂತಿದ್ದ ಅನೇಕರಿಗೆ ಒಳಗೊಳಗೇ ಅದು ಸರಿ ಅನ್ನಿಸಿರಬಹುದು.

ಧಾರವಾಡದ_ಮಾತು:
ಆ ರಾತ್ರಿಯ ಪ್ರಯಾಣ ಬಿಟ್ಟು ಹೋಗಬ್ಯಾಡ್ರಿ. ಒಬ್ಬ ಕೈದಿಗೆ 200 ಕಾಲಾಳು, 70 ಕುದುರೆ, 200 ಭರ್ಜಿಯವರು. ರಾತ್ರಿ ಒಂಬತ್ತಕ್ಕ ಹೊರಟು ಅಂತಿಪತ್ರಿ ಮುಟ್ಟಿದ್ರು, ಗುಡ್ಡಗಾಡು ದಾಟಿದ ಮ್ಯಾಲೆ ಕಾಲಾಳು ತಿರುಗಿ ಬಂತು, ಕುದುರಿಯವರು ಕೈಸರೈಯಕ್ಕ ಒಯ್ದರು. ಆ ದಾರಿ ಎಷ್ಟು ಅಸುರಕ್ಷಿತ ಇತ್ತು ಅನ್ನೋದು ಆ ಸಂಖ್ಯೆಯೊಳಗ ಕಾಣ್ತದ.

ನೇತ್ರಾವತಿ_ತೀರ:
ನನ್ನದೊಂದು ಪ್ರಶ್ನೆ ವಕೀಲರಿಗೆ. ಕೊರಿಂಥದಲ್ಲಿ ಅಖಾಯದ ಅಧಿಪತಿ ಗಲ್ಲಿಯೋ ಎದುರು ಇಂಥದೇ ದೂರು ಬಂದಾಗ ಅವನು ಪೌಲ ಬಾಯಿ ತೆರೆಯುವ ಮೊದಲೇ ಎಲ್ಲರನ್ನೂ ಅಟ್ಟಿದ. ನಿಮ್ಮ ಧರ್ಮಶಾಸ್ತ್ರದ ಜಗಳ ನೀವೇ ನೋಡಿಕೊಳ್ಳಿ ಎಂದ. ಫೇಲಿಕ್ಸ್ ಯಾಕೆ ಹಾಗೆ ಮಾಡಲಿಲ್ಲ?

ವಕೀಲಿ_ಕಣ್ಣು:
ಇದೇ ಸರಿಯಾದ ಹೋಲಿಕೆ. ಗಲ್ಲಿಯೋ ತತ್ವಜ್ಞಾನಿ ಸೆನೆಕನ ಅಣ್ಣ. ಡೆಲ್ಫಿಯ ಶಾಸನದಿಂದ ಅವನ ಅಧಿಕಾರದ ಕಾಲ ಕ್ರಿ.ಶ. 51-52ರ ಸುಮಾರು ಎಂದು ಗೊತ್ತು. ಅವನ ಪ್ರಾಂತ್ಯ ಶಾಂತ, ಅಲ್ಲಿ ಯೆಹೂದ್ಯರು ಒಂದು ಸಣ್ಣ ಸಮುದಾಯ. ದೂರು ತಳ್ಳಿದರೆ ಅವನು ಕಳೆದುಕೊಳ್ಳುವುದು ಏನೂ ಇಲ್ಲ. ಅದು ನ್ಯಾಯಪ್ರೀತಿಯೂ ಅಲ್ಲ, ಅವನ ಕಣ್ಣೆದುರೇ ಸಭಾಮಂದಿರದ ಅಧ್ಯಕ್ಷ ಸೊಸ್ಥೆನನನ್ನು ಹೊಡೆದಾಗ ತಲೆ ಎತ್ತಲಿಲ್ಲ.

ಫೇಲಿಕ್ಸ್ ಬಿಡುಗಡೆ ಹೊಂದಿದ ಗುಲಾಮ, ಅಣ್ಣ ಪಲ್ಲಾಸ್ ಅರಮನೆಯಲ್ಲಿ ದೊಡ್ಡವನು. ಗುಲಾಮನ ಮನಸ್ಸಿನಿಂದ ರಾಜನ ಅಧಿಕಾರ ನಡೆಸಿದವನು ಎನ್ನುವ ಅರ್ಥದಲ್ಲಿ ರೋಮನ್ ಇತಿಹಾಸಕಾರ ಟಾಸಿಟಸ್ ಅವನನ್ನು ಕುರಿತು ಬರೆದಿದ್ದಾನೆ. ಅವನ ಮುಂದೆ ಅನನೀಯ ಸ್ವತಃ ವಕೀಲ ತೆರ್ತುಲ್ಲನನ್ನು ಕರೆತಂದ. ಆರೋಪ ಹೇಗೆ ಬದಲಾಯಿತು ಗಮನಿಸಿ: ಈಗ ಪೌಲ ಲೋಕದಲ್ಲೆಲ್ಲಾ ಯೆಹೂದ್ಯರೊಳಗೆ ದಂಗೆ ಎಬ್ಬಿಸುವ ಪೀಡೆ, ನಜರೇನ ಪಂಥದ (ಯೇಸುವಿನ ಹಿಂಬಾಲಕರ) ಮುಂದಾಳು. ದೇವಾಲಯದ ಮಾತು ಬಾಲಕ್ಕೆ ಸರಿದಿದೆ, ಅದೂ ಹೊಲೆಮಾಡಲು ಯತ್ನಿಸಿದ ಎಂದಷ್ಟೇ. ತ್ರೊಫಿಮನ ಹೆಸರೇ ಇಲ್ಲ. ಪೌಲ ಆ ಸಡಿಲು ಜಾಗಕ್ಕೇ ಕೈ ಹಾಕಿದ: ನನ್ನನ್ನು ನೋಡಿದ ಆಸ್ಯದವರು ಎಲ್ಲಿ? ದೂರು ಇದ್ದರೆ ಅವರೇ ಇಲ್ಲಿರಬೇಕಿತ್ತಲ್ಲ? ಪ್ರತ್ಯಕ್ಷದರ್ಶಿಯಿಲ್ಲದ ಮೊಕದ್ದಮೆ ಅಲ್ಲೇ ಬೀಳಬೇಕಿತ್ತು. ಫೇಲಿಕ್ಸ್ ಏನು ಮಾಡಿದ? ಲೂಸ್ಯ ಬಂದ ಮೇಲೆ ತೀರ್ಮಾನಿಸುತ್ತೇನೆ ಎಂದು ಮುಂದೂಡಿದ. ಲೂಸ್ಯ ಬಂದನೆಂದು ಎಲ್ಲೂ ಇಲ್ಲ.

ಬಿಟ್ಟರೆ ಮಹಾಯಾಜಕನ ಮನೆತನದ ಸಿಟ್ಟು. ಶಿಕ್ಷಿಸಿದರೆ ರೋಮನ್ ಪೌರನನ್ನು ಸಾಕ್ಷ್ಯವಿಲ್ಲದೆ ಕೊಂದ ದೋಷ. ಇಟ್ಟುಕೊಂಡರೆ ಯಾರಿಗೂ ಉತ್ತರ ಕೊಡಬೇಕಿಲ್ಲ, ನಡುವೆ ಹಣವೂ ಬರಬಹುದು. ನನ್ನ ಜನರಿಗೆ ದಾನ ತಂದೆ ಎಂದು ಪೌಲನೇ ವಿಚಾರಣೆಯಲ್ಲಿ ಹೇಳಿದ್ದ, ಫೇಲಿಕ್ಸನ ಕಿವಿ ಅಲ್ಲೇ ನೆಟ್ಟಿರಬೇಕು. ಆಗಾಗ ಕರೆಸಿ ಮಾತಾಡಿದ. ಹೆಂಡತಿ ದ್ರೂಸಿಲ್ಲಳ ಜೊತೆ ಕೂತು ಕೇಳಿದ, ನ್ಯಾಯ, ದಮೆ, ಮುಂದಣ ತೀರ್ಪು ಎಂದು ಪೌಲ ಶುರುಮಾಡಿದಾಗ ಹೆದರಿ ಸಾಕು ಹೋಗು ಎಂದ. ತೀರ್ಪು ಮಾತ್ರ ಕೊಡಲಿಲ್ಲ.

ಶಿಲಾಶಾಸನ:
ಹೋಗುವಾಗಲೂ ಬಿಡಲಿಲ್ಲವಲ್ಲ, ಯೆಹೂದ್ಯರನ್ನು ಮೆಚ್ಚಿಸಲು ಎಂದು ಲೂಕ. ಆ ಮೆಚ್ಚಿಸುವಿಕೆ ಯಾಕೆ ಬೇಕಾಯಿತು ಎಂದು ಜೋಸೆಫಸ್‌ನಿಂದ ತಿಳಿಯುತ್ತದೆ. ಕೈಸರೈಯದಲ್ಲಿ ಯೆಹೂದ್ಯರಿಗೂ ಸಿರಿಯನ್ನರಿಗೂ ಬೀದಿಕಾಳಗ ನಡೆದು ಫೇಲಿಕ್ಸ್ ಸೈನ್ಯ ಬಿಟ್ಟಿದ್ದ, ಯೆಹೂದ್ಯರ ಮನೆಗಳು ಲೂಟಿಯಾಗಿದ್ದವು. ಅವನು ಅಧಿಕಾರ ಬಿಟ್ಟ ಕೂಡಲೇ ಅಲ್ಲಿನ ಯೆಹೂದ್ಯ ಪ್ರಮುಖರು ರೋಮಿಗೆ ಹೋಗಿ ದೂರು ಕೊಟ್ಟರು. ಪಲ್ಲಾಸನ ಪ್ರಭಾವದಿಂದ ಪಾರಾದ. ತನ್ನ ಮೇಲೆಯೇ ದೂರು ಹೋಗಲಿದೆ ಎಂದು ಗೊತ್ತಿದ್ದವನಿಗೆ ಒಬ್ಬ ಕೈದಿಯ ಎರಡು ವರ್ಷ ಏನೂ ಅಲ್ಲ.

ಸಂಜೆಓದು:
ಇದು ನನಗೆ ಹೊಸದು, ಬಹಳ ಉಪಕಾರ. ಈಗ ಕೊನೆಯ ಗಂಟು. ರೋಮಿನ ಚಕ್ರವರ್ತಿ ಕೈಸರನಿಗೆ ಮೊರೆ ಹೋಗದಿದ್ದರೆ ಇವನನ್ನು ಬಿಡಬಹುದಿತ್ತು ಎನ್ನುತ್ತಾನೆ ಅಗ್ರಿಪ್ಪ. ಹಾಗಾದರೆ ಪೌಲ ದುಡುಕಿದನೇ?

ವಕೀಲಿ_ಕಣ್ಣು:
ಇಲ್ಲ. ಅಗ್ರಿಪ್ಪನ ಆ ಮಾತನ್ನು ಅಷ್ಟು ಸುಲಭವಾಗಿ ನಂಬಬೇಡಿ. ಮೊರೆ ಹೋಗುವ ಮೊದಲಿನ ಎರಡು ವರ್ಷ ಬಿಡಲು ಯಾವ ಅಡ್ಡಿ ಇತ್ತು? ಫೆಸ್ತ ಬಂದ ಹೊಸತರಲ್ಲಿ ಯಾಜಕರು ಕೇಳಿದ ಮೊದಲ ಉಪಕಾರವೇ ಪೌಲನನ್ನು ಯೆರೂಸಲೇಮಿಗೆ ಕರೆಸು ಎಂಬುದು, ದಾರಿಯಲ್ಲಿ ಕೊಲ್ಲುವ ಹೊಂಚು. ಮೊದಲು ಒಪ್ಪಲಿಲ್ಲ. ವಿಚಾರಣೆಯಲ್ಲಿ ಒಂದೂ ಆರೋಪ ನಿಲ್ಲದಿದ್ದಾಗ, ಅವರನ್ನು ಮೆಚ್ಚಿಸಲು, ಯೆರೂಸಲೇಮಿಗೆ ಬರುತ್ತೀಯಾ ಎಂದು ಪೌಲನನ್ನೇ ಕೇಳಿದ. ಅದು ಕೈದಿಗೆ ಕೊಟ್ಟ ಆಯ್ಕೆಯಂತೆ ಕಂಡರೂ ಒಳಗೆ ಸಾವು ಇತ್ತು. ಪೌಲನ ಉತ್ತರ ನೋಡಿ: ನನ್ನಿಂದ ಯೆಹೂದ್ಯರಿಗೆ ಅನ್ಯಾಯವಾಗಿಲ್ಲ, ಅದು ನಿನಗೂ ಚೆನ್ನಾಗಿ ಗೊತ್ತು. ಅನ್ಯಾಯ ಮಾಡಿದ್ದರೆ ಸಾಯಲು ಹಿಂಜರಿಯೆನು. ಇಲ್ಲದಿದ್ದರೆ ಯಾರೂ ನನ್ನನ್ನು ಅವರಿಗೆ ಒಪ್ಪಿಸಲಾರರು. ಕೈಸರನಿಗೇ ಹೇಳಿಕೊಳ್ಳುತ್ತೇನೆ. ನ್ಯಾಯಾಧೀಶನ ಮುಖಕ್ಕೇ ನಿನಗೂ ಗೊತ್ತು ಎಂದ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಆಮೇಲೆ ಫೆಸ್ತನ ಪಾಡು ನೋಡಿ. ಕೈದಿಯನ್ನು ಕಳಿಸುವಾಗ ಜೊತೆಗೆ ಆರೋಪದ ವಿವರ ಬರೆದು ಕಳಿಸಬೇಕು, ಬರೆಯಲು ಏನೂ ಇಲ್ಲ. ಅದಕ್ಕೇ ಅಗ್ರಿಪ್ಪನನ್ನು ಕೂರಿಸಿದ್ದು. ಮಹಾಯಾಜಕನನ್ನು ನೇಮಿಸುವ ಹಕ್ಕು ಅಗ್ರಿಪ್ಪನ ಕೈಲಿತ್ತು, ಯೆಹೂದ್ಯ ವಿಷಯ ಬಲ್ಲವನು. ಅವನೂ ಏನೂ ಹುಡುಕಿಕೊಡಲಿಲ್ಲ.

ಮರಳುಗಡಿಯಾರ:
ಯೆರೂಸಲೇಮಿಗೆ ಹೋಗಿದ್ದರೆ ಸಾವೇ ಎನ್ನುವುದು ಲೂಕನ ಮಾತು. ಬೇರೆ ಆಧಾರ ಇದೆಯೇ?

ಶಿಲಾಶಾಸನ:
ಇದೆ, ಅದೂ ಕ್ರೈಸ್ತನಲ್ಲದವನ ಬರಹದಲ್ಲಿ. ಕ್ರಿ.ಶ. 62ರಲ್ಲಿ ಫೆಸ್ತ ಅಧಿಕಾರದಲ್ಲಿದ್ದಾಗಲೇ ಸತ್ತ. ಹೊಸ ದೇಶಾಧಿಪತಿ ಅಲ್ಬೀನಸ್ ಇನ್ನೂ ದಾರಿಯಲ್ಲಿದ್ದ. ಆ ಸಂದು ನೋಡಿಕೊಂಡು ಮಹಾಯಾಜಕ ಅನಾನ (ಮೇಲಿನ ಅನನೀಯನಲ್ಲ, ಬೇರೊಬ್ಬ) ಹಿರೀಸಭೆ ಕೂಡಿಸಿ, ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬನನ್ನೂ ಇನ್ನು ಕೆಲವರನ್ನೂ ಧರ್ಮಶಾಸ್ತ್ರ ಮೀರಿದವರೆಂದು ಕಲ್ಲೆಸೆದು ಕೊಲ್ಲಲು ಒಪ್ಪಿಸಿದ. ಜೋಸೆಫಸ್, ಯೆಹೂದ್ಯರ ಪುರಾತನ ಇತಿಹಾಸದ 20ನೇ ಸಂಪುಟ. ಪೌಲನಿಗೆ ಹರಕೆಯವರ ಖರ್ಚು ಕೊಡು ಎಂದ ಅದೇ ಯಾಕೋಬ, ದೇವಾಲಯಕ್ಕೆ ನಿಷ್ಠನಾಗಿ ಅಲ್ಲೇ ಬದುಕಿದವನು. ಅವನನ್ನೇ ಬಿಡದವರು ಪೌಲನನ್ನು ಬಿಡುತ್ತಿದ್ದರೇ?

ಭಾನುವಾರದ ಪಾಠದವರು ಹೇಳಿದ್ದಕ್ಕೂ ಇದೇ ಕಡೆ ಸಾಕ್ಷ್ಯವಿದೆ. ಆ ಕೊಲೆಯನ್ನು ಪ್ರತಿಭಟಿಸಿದವರು ಯೆರೂಸಲೇಮಿನ ಧರ್ಮಶಾಸ್ತ್ರನಿಷ್ಠ ಯೆಹೂದ್ಯರು. ಅವರು ಅಗ್ರಿಪ್ಪನಿಗೂ ಅಲ್ಬೀನಸನಿಗೂ ದೂರು ಕೊಂಡೊಯ್ದರು, ಮೂರೇ ತಿಂಗಳಲ್ಲಿ ಅನಾನನ ಪದವಿ ಹೋಯಿತು.

ಭಾನುವಾರದ_ಪಾಠ:
ಇದನ್ನು ಮುಂದಿನ ತರಗತಿಯಲ್ಲಿ ಖಂಡಿತ ಹೇಳುತ್ತೇನೆ. ರೋಮಿನಲ್ಲಿ ಏನಾಯಿತು ಎಂದು ಮಕ್ಕಳು ಕೇಳುತ್ತಾರೆ. ಕೃತ್ಯಗಳಲ್ಲಿ ಸಿಗುವುದು ಇಷ್ಟು: ಕಾವಲಿಗೆ ಒಬ್ಬ ಸೈನಿಕ, ಬಾಡಿಗೆ ಮನೆ, ಪೂರ್ತಿ ಎರಡು ವರ್ಷ, ಬಂದವರನ್ನೆಲ್ಲ ಸೇರಿಸಿಕೊಂಡು ಅಡ್ಡಿಯಿಲ್ಲದೆ ಸಾರಿದ. ಆಗಿನ ಕೈಸರ ನೀರೋ. ವಿಚಾರಣೆ ನಡೆಯಿತೋ ಇಲ್ಲವೋ ಲೂಕ ಬರೆಯುವುದಿಲ್ಲ. ಮೊದಲ ಶತಮಾನದ ಕೊನೆಗೆ ರೋಮಿನ ಸಭೆಯಿಂದ ಕೊರಿಂಥಕ್ಕೆ ಹೋದ ಕ್ಲೆಮೆಂತನ ಪತ್ರದಲ್ಲಿ, ಪೌಲ ಅಧಿಕಾರಿಗಳ ಮುಂದೆ ಸಾಕ್ಷಿ ಹೇಳಿ ಈ ಲೋಕ ಬಿಟ್ಟನೆಂದಿದೆ. ಕೈಸರೈಯದ ಎರಡು ವರ್ಷ, ರೋಮಿನ ಎರಡು ವರ್ಷ, ನಡುವೆ ಮಾಲ್ಟದ ಬಳಿ ಒಡೆದ ಹಡಗು ಮತ್ತು ಅದರಲ್ಲಿದ್ದ 276 ಜನ. ಹಡಗಿನ ಭಾಗ ಇನ್ನೊಂದು ಚರ್ಚೆಗೆ ಸಾಕಾಗುವಷ್ಟಿದೆ, ಯಾರಾದರೂ 27ನೇ ಅಧ್ಯಾಯದಿಂದ ಶುರುಮಾಡಿ.